ಕೊಸರು

ಕಪ್ಪು ಹಲಗೆಯ ಮೇಲೆ ಫಾದರ್ ಮರಿಜೋಸೆಫ್
ಒಂದು ಗ್ರೀಕು ಪದ ಬರೆದು
ಸೀಮೆಸುಣ್ಣದ ಕೈ ನಿಲುವಂಗಿಗೆ ಒರೆಸಿಕೊಂಡು
'ಖಾರಿಸ್' ಅಂದರು.
ಹಿಂದಿನ ಬೆಂಚಿನಲ್ಲಿ ನನಗೆ ಕೇಳಿದ್ದು ಖಾರ.
ಬಾಯಲ್ಲಿ ನೀರೂರಿತು.
ಉಪ್ಪಿಟ್ಟು ಉಪ್ಪಿಲ್ಲದೆ ಬಂದ ದಿನ ಅದು.

ಅರ್ಥ ಬರೆದುಕೊಳ್ಳಿ: ಕೃಪೆ, ಅನುಗ್ರಹ, ವರಪ್ರಸಾದ.
ಬರೆದುಕೊಂಡೆ. ಮೂರೂ ಇಸ್ತ್ರಿ ಮಾಡಿದ ಪದಗಳು,
ಹಬ್ಬಕ್ಕೆ ಪೆಟ್ಟಿಗೆಯಿಂದ ತೆಗೆದು
ಸಂಜೆ ಮತ್ತೆ ಮಡಿಸಿಡುವಂಥವು.

ನಮ್ಮವ್ವ ಸವರಿಯಮ್ಮ
ಮಂಡ್ಯದ ಮಾರ್ಕೆಟ್ಟಿನ ಹೊರಬಾಗಿಲಲ್ಲಿ
ಗೋಣಿ ಹಾಸಿ ಸೊಪ್ಪು ಮಾರುತ್ತಾಳೆ.
ದಂಟು, ಸಬ್ಬಸಿಗೆ, ಕೀರೆ; ಕಾಲ ಬಂದರೆ ಅಣ್ಣೆಸೊಪ್ಪು.
ಕಟ್ಟು ಎಣಿಸಿ ಚೀಲಕ್ಕೆ ಹಾಕಿದ ಮೇಲೆ
ಅವಳ ಕೈ ಒಂದು ಗಳಿಗೆ ನಿಲ್ಲುತ್ತದೆ,
ಆಮೇಲೆ ತಾನಾಗಿ ಪಕ್ಕಕ್ಕೆ ಹೋಗಿ
ನಾಲ್ಕು ಕಡ್ಡಿ ಕೊತ್ತಂಬರಿ ತಂದು ಮೇಲಿಡುತ್ತದೆ.
ಕೊಸರು.

ಲೆಕ್ಕದಲ್ಲಿ ಜಾಣನಾಗಿದ್ದ ವಯಸ್ಸಿನಲ್ಲಿ ಕೇಳಿದ್ದೆ:
ಅಷ್ಟು ಚೌಕಾಸಿ ಮಾಡಿ ಗೋಳು ಹುಯ್ದುಕೊಂಡಳಲ್ಲ,
ಅವಳಿಗೂ ಯಾಕವ್ವ?
'ಕೇಳ್ದೋರ್ಗೂ ಹಾಕ್ಬೇಕು ಕಣ್ಲಾ,
ಕೇಳ್ದೆ ಇದ್ದೋರ್ಗೂ ಹಾಕ್ಬೇಕು.
ಮೊಕ ನೋಡ್ ನೋಡಿ ಹಾಕುದ್ರೆ ಅದು ತೂಕ ಆಯ್ತದೆ.'

ದೇವರ ಇರವಿಗೆ ಐದು ದಾರಿ, ಎನ್ನುತ್ತದೆ ಪಠ್ಯ.
ಬಾಯಿಪಾಠ ಮಾಡಿದೆ.
ನಮ್ಮೂರಿಗೆ ಇರುವುದು ಒಂದೇ, ಅದೂ ನಾಲೆ ಏರಿಯ ಮೇಲೆ.
ಎದುರಿಗೆ ಕಬ್ಬಿನ ಗಾಡಿ ಬಂದರೆ
ಯಾರಾದರೊಬ್ಬರು ಹಿಂದಕ್ಕೆ ಸರಿಯಬೇಕು.

ಹೀಬ್ರೂ ಬಲದಿಂದ ಎಡಕ್ಕೆ ನಡೆಯುತ್ತದೆ.
ಓದಿ ಮಲಗಿದರೆ ಕನಸೂ ಹಾಗೇ, ಹಿಂದುಮುಂದು:
ಮೊದಲು ಅಪ್ಪನ ಮೇಲಿನ ಮಣ್ಣು,
ಆಮೇಲೆ ದೊಡ್ಡಾಸ್ಪತ್ರೆಯ ಹಸಿರು ಪರದೆ,
ಕೊನೆಗೆ ಅಪ್ಪ, ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು
ಯಾರೂ ಇಲ್ಲದ ರಸ್ತೆಯಲ್ಲಿ ಸುಮ್ಮನೆ ಬೆಲ್ಲು ಹೊಡೆಯುತ್ತ.

ಪಕ್ಕದ ಮಂಚದ ಇನ್ನಾಸಪ್ಪ ಜುಲೈನಲ್ಲಿ ಹೊರಟುಹೋದ.
ದೈವಕರೆ ಬರಲೇ ಇಲ್ಲ ಕಣೋ, ಅಂದ.
ಮಿಸ್ಡ್ ಕಾಲ್ ಇರಬೇಕು, ವಾಪಸ್ ಮಾಡು, ಅಂದೆ.
ನಗಲಿಲ್ಲ.
ಅವನು ಬಿಟ್ಟುಹೋದ ಬಕೆಟ್ಟಿನಲ್ಲಿ ಈಗ
ನನ್ನ ನಿಲುವಂಗಿ ನೆನೆಯುತ್ತದೆ.
ನನಗೆ ಬಂದದ್ದು ಕರೆಯೋ, ಅವ್ವನ ಹರಕೆಯೋ?
ಬೆಟ್ಟದ ದೀಪ ಹತ್ತುವ ಹೊತ್ತಿಗೆ ಮಾತ್ರ ಈ ಪ್ರಶ್ನೆ.
ಮೈಸೂರಿಗೆ ಬಂದಾಗೆಲ್ಲ ಅವಳು
ಜಪಸರ ಹಿಡಿದ ಕೈಯಲ್ಲೇ ಆ ದೀಪಕ್ಕೂ ಮುಗಿಯುತ್ತಾಳೆ.
ನಾನು ಅತ್ತಿತ್ತ ನೋಡುತ್ತೇನೆ.
'ಇರ್ಲಿ ಬುಡ್ಲಾ,' ಅನ್ನುತ್ತಾಳೆ.

ಪರೀಕ್ಷೆಯಲ್ಲಿ ಅದೇ ಬಂತು:
ಖಾರಿಸ್ ಪದವನ್ನು ಕನ್ನಡದಲ್ಲಿ ವಿವರಿಸಿ. ಐದು ಅಂಕ.
ಎರಡು ಪುಟ ಸೊಪ್ಪಿನ ಮೇಲೆ ಬರೆದೆ.
ಪತ್ರಿಕೆ ವಾಪಸು ಬಂದಾಗ ಅಂಚಿನಲ್ಲಿ ಕೆಂಪು ಶಾಯಿ:
'ಸಂತೆಯ ಮಾತು. ಕೊಸರು ಸಿಗುವುದು ಕೊಂಡವನಿಗೆ.
ಕೃಪೆಗೆ ಮುಂಚೆ ನೀನು ಕೊಂಡದ್ದೇನು?'
ಎರಡು ಅಂಕ.

ಸರಿಯೇ. ಸುಳ್ಳಲ್ಲ.
ವಾರವೆಲ್ಲ ಅದು ಹಲ್ಲಿನ ಸಂದಿಯ ನಾರಿನ ಹಾಗೆ.
ಶುಕ್ರವಾರ ಪಾತ್ರೆ ತೊಳೆಯುವಾಗ ಹೊಳೆಯಿತು:
ದಂಟಿನ ದುಡ್ಡು ಕೊಂಡವಳದು.
ಆ ನಾಲ್ಕು ಕಡ್ಡಿಯದು?
ಅದನ್ನೂ ಯಾರೋ ತೆತ್ತಿದ್ದಾರೆ,
ನಸುಕಿನ ನಾಲ್ಕಕ್ಕೆ, ಮಂಡಿಯಲ್ಲಿ,
ಸೆರಗಿನ ಗಂಟು ಬಿಚ್ಚಿ, ಚಿಲ್ಲರೆ ಎಣಿಸಿ.

ಇದನ್ನು ಬರೆಯಲು ಈಗ ಜಾಗವಿಲ್ಲ.

ಇನ್ನೊಂದು ವಿಷಯ. ಅಂಕಗಳನ್ನು ಮೂರು ಸಲ ಕೂಡಿಸಿದೆ,
ಐವತ್ತೆಂಟೇ ಬರುತ್ತದೆ.
ಮೊದಲ ಪುಟದಲ್ಲಿ ಫಾದರ್ ಬರೆದದ್ದು ಐವತ್ತೊಂಬತ್ತು.
ಎಡಗಣ್ಣಿಗೆ ಪೊರೆ ಬಂದಿದೆ ಅವರಿಗೆ, ಎಪ್ಪತ್ತು ದಾಟಿದೆ.
ಹೇಳಬೇಕೆಂದು ಬಾಗಿಲವರೆಗೆ ಹೋದೆ.
ಒಳಗೆ ರೇಡಿಯೋದಲ್ಲಿ ಕ್ರಿಕೆಟ್ಟು, ಸಣ್ಣಗೆ ಕೆಮ್ಮು.
ಬಾಗಿಲು ತಟ್ಟಲು ಎತ್ತಿದ ಕೈ ಒಂದು ಗಳಿಗೆ ನಿಂತಿತು.

ಊಟದ ಗಂಟೆ.
ಇವತ್ತು ಹುರುಳಿ ಬಸ್ಸಾರು.