ಕಚ್ಚು

ಸಂತೇಪೇಟೆಯಲ್ಲಿ ಮುನೀರ್ ಸಾಬರು
ಹಳೇ ಪೇಪರಿನ ಮೇಲೆ ಎರಡನ್ನಿಟ್ಟರು.

ಒಂದು ಕಪ್ಪನೆಯದು. ಹೆಬ್ಬೆರಳು ಸೋಕಿದರೆ ಸಾಕು,
ಚಟ್ ಅಂತ ನಿಲ್ಲುತ್ತದೆ, ತಾನೇ ಬೀಗ ಹಾಕಿಕೊಳ್ಳುತ್ತದೆ.
ಜೇಬಿಗೆ ಸಿಕ್ಕಿಸಲು ಕ್ಲಿಪ್ಪೂ ಇದೆ.
ಇನ್ನೊಂದಕ್ಕೆ ಬೀಟೆ ಹಿಡಿ, ಹಿತ್ತಾಳೆ ಮೊಳೆ,
ಅಲಗಿನ ಬೆನ್ನಲ್ಲಿ ಭತ್ತದ ಕಾಳಿನಷ್ಟು ಒಂದು ಕಚ್ಚು:
ಉಗುರು ಕೊಟ್ಟು ಎಳೆಯಬೇಕು.

ನನ್ನದು ಅಗ್ರಹಾರದಲ್ಲಿ ಮೋಟಾರು ಸುತ್ತುವ ಕೆಲಸ.
ತಾಮ್ರದ ತಂತಿಯ ಎನಾಮಲ್ ಹೆರೆಯಬೇಕು,
ಟೇಪು, ದಾರ, ಸುಟ್ಟು ಕರಿಕಾದ ಕಾಗದ,
ನಾಲ್ಕು ಗಂಟೆಗೆ ಒಂದು ಸೀಬೆಹಣ್ಣು.
ಒಂದು ಕೈ ಯಾವಾಗಲೂ ತಂತಿ ಹಿಡಿದೇ ಇರುತ್ತದೆ.
ಲೆಕ್ಕಕ್ಕೆ ಕಪ್ಪನೆಯದೇ ಸರಿ.

ತೆಗೆದೆ, ಮಡಿಸಿದೆ, ತೆಗೆದೆ.
ಅದು ಸದ್ದು ಮಾಡಿದಾಗೆಲ್ಲ
ಪಕ್ಕದಲ್ಲಿ ಈಳಿಗೆಮಣೆ ನೋಡುತ್ತಿದ್ದ ಹೆಂಗಸು
ಅರ್ಧ ಹೆಜ್ಜೆ ಸರಿದಳು.
ಇದನ್ನ ಬಸ್ಸಿನಲ್ಲಿ ಹೇಗೆ ತೆಗೆಯಲಿ,
ಯಾರದೋ ಮಗು ಹಣ್ಣು ನೋಡುತ್ತಿರುವಾಗ?

ಬೀಟೆಯದು ನನ್ನೆದುರು ಬಾಯೇ ಬಿಡಲಿಲ್ಲ.
ಹತ್ತು ಬೆರಳಲ್ಲೂ ಉಗುರಿಲ್ಲ,
ಸುತ್ತು ಎಣಿಸುತ್ತ ಎಣಿಸುತ್ತ
ಕಚ್ಚಿ ಉಗಿದದ್ದು, ಇಪ್ಪತ್ತಾರು ವರ್ಷ.
ಸಾಬರು ಕನ್ನಡಕ ಇಳಿಸಿ ನನ್ನ ಕೈ ನೋಡಿದರು:
"ಇದು ನಿಮಗಾಗಲ್ಲ ಬಿಡಿ ಸ್ವಾಮಿ."

ಅದಕ್ಕೇ ತಂದೆ.

ಹನ್ನೆರಡು ದಿನವಾಯಿತು. ಸದ್ಯಕ್ಕೆ
ಅಂಗಡಿ ಹುಡುಗ ಚೆಲುವರಾಜ ತೆಗೆದುಕೊಡುತ್ತಾನೆ,
ಕೊಡುವಾಗ ಒಂದು ಸಲ ನಗುತ್ತಾನೆ.
ಇವತ್ತು ಇನ್ನೂರ ಹದಿನೆಂಟನೇ ಸುತ್ತಿನಲ್ಲಿ
ಬೆರಳು ಬಾಯಿವರೆಗೂ ಹೋಗಿ
ವಾಪಸು ಬಂತು. ಲೆಕ್ಕ ತಪ್ಪಿತು.

ಎಡ ಹೆಬ್ಬೆರಳ ತುದಿಗೆ ಬೆಳ್ಳಗೆ
ಎಳೆ ತಂತಿಯಷ್ಟು ಗೆರೆ.