ಆರು ಸ್ಕ್ರೂ, ಒಂದು ಚಿಟಿಕೆ ಮರಳು

ಎಸ್.ಪಿ. ರೋಡಿನ ಹಿಂದಿನ ಸಂದಿ. ಕಬ್ಬಿಣದ ಮೆಟ್ಟಿಲು.
ಮೇಲೆ ಎಂಟಡಿ ಅಗಲದ ಅಂಗಡಿ.
ಜಬೀವುಲ್ಲಾ ಮೊದಲು ಫ್ಯಾನು ಆರಿಸುತ್ತಾರೆ,
ಆಮೇಲೆ ಕಿಟಕಿ. ಕೆಳಗಿನ ಹಾರನ್ನುಗಳೆಲ್ಲ
ಹತ್ತಿಯಲ್ಲಿ ಸುತ್ತಿಟ್ಟಂತಾಗುತ್ತವೆ.
ಬಿಳಿ ಬಟ್ಟೆ ಹಾಸಿ, ನನ್ನ ಲೆನ್ಸನ್ನು
ಕಿವಿಗೆ ಹಿಡಿದು ಮೆಲ್ಲಗೆ ತಿರುಗಿಸುತ್ತಾರೆ:
ಕರ್ರ್.
'ರಾಗಿ ಬೀಸ್ದಂಗೈತಲ್ಲಮ್ಮಾ. ಎಲ್ಲಿಗೋಗಿತ್ತು ಇದು?'

ಥಾರಿಗೆ, ಅಂದೆ. ಹನ್ನೊಂದು ದಿನ.
ಅವರು ಮೊದಲ ಸ್ಕ್ರೂ ಬಿಚ್ಚಿದರು.

ಹುಷಾರಾಗಿಯೇ ಇದ್ದೆ, ಎಂದು ಶುರುಮಾಡಿದೆ,
ಡಾಕ್ಟರ ಮುಂದೆ ಹೇಳುವ ಹಾಗೆ.
ನಂದಿನಿ ಹಾಲಿನ ಕವರು ತೊಳೆದು ಒಣಗಿಸಿ
ಕ್ಯಾಮೆರಾಕ್ಕೆ ಅಂಗಿ ತೊಡಿಸಿದ್ದೆ, ಕೊರಳಿಗೆ ರಬ್ಬರ್ ಬ್ಯಾಂಡು.
ಟ್ರೈಪಾಡಿನ ಮೂರು ಕಾಲಿಗೂ ತೆಂಗಿನ ಚಿಪ್ಪು,
ಹೂತುಹೋಗದಿರಲೆಂದು.
ಒಂಟೆಯ ಹಾಸಮ್ ನಕ್ಕಿದ್ದ:
ಮೂರು ಕಾಲಿನ ಆಡಿಗೆ ಚಪ್ಪಲಿ ಬೇರೆಯಾ?
ನಕ್ಕವನೇ ಎರಡನೆಯ ದಿನ ಮುಂಡಾಸು ಬಿಚ್ಚಿ
ಅರ್ಧ ಹರಿದು ಕೊಟ್ಟ, ಮೂಗು ಬಾಯಿ ಕಟ್ಟಿಕೊಳ್ಳಲು.
ಗಾಳಿಗೆ ಬೆನ್ನು ಕೊಡು, ಅಂದ.
ಡಬ್ಬಿಯ ಬಾಯಿ ಮಾತ್ರ ತೆರೆಯಬೇಡ.

ಎರಡನೇ ಸ್ಕ್ರೂ. ಮೂರನೆಯದು ಹಟ ಹಿಡಿಯಿತು.

ಹಗಲು, ಬಾಟಲಿಯ ನೀರು ಸ್ನಾನಕ್ಕೆ ಹದವಾಗಿ ಕಾದಿರುತ್ತಿತ್ತು.
ರಾತ್ರಿಯ ಚಳಿಗೆ ಬ್ಯಾಟರಿಗಳು ಸಾಯುತ್ತವೆಂದು
ಕಾಲುಚೀಲದಲ್ಲಿಟ್ಟು ಕಂಕುಳಲ್ಲಿ ಮಲಗಿಸಿಕೊಂಡೆ.
ನಾಲ್ಕಕ್ಕೇ ಎದ್ದು ದಿಬ್ಬದ ಹಿಂಬದಿಯಿಂದ ಸುತ್ತಿ ಹತ್ತಬೇಕು,
ಮುಂದಿನಿಂದ ಹತ್ತಿದರೆ
ನಮ್ಮ ಹೆಜ್ಜೆಯನ್ನೇ ನಾವು ಚಿತ್ರ ತೆಗೆದಂತೆ.
ಬಿಸಿಲು ಅಡ್ಡ ಬೀಳುವ ಹದಿನೈದು ನಿಮಿಷ
ಒಂದು ಮಗ್ಗುಲು ಬೆಲ್ಲ, ಒಂದು ಮಗ್ಗುಲು ಕಾಡಿಗೆ.
ಆಮೇಲೆ ಎಲ್ಲವೂ ಬರೀ ಬಿಳಿ ಹಿಟ್ಟು, ಕಣ್ಣಿಗೆ ಉರಿ.

'ಬಾಯಿ ತೆರದ್ರಿ ಅಲ್ವಾ?' ತಲೆಯೆತ್ತದೆ ಕೇಳಿದರು.

ತೆರೆದೆ. ಆರನೆಯ ದಿನ.
ಒಂದು ಸಗಣಿ ಹುಳ ದಿಬ್ಬದ ಅಂಚಿನುದ್ದಕ್ಕೂ
ಹೊಲಿಗೆ ಹಾಕಿಕೊಂಡು ಹೋಗುತ್ತಿತ್ತು.
ಅಷ್ಟು ಚಿಕ್ಕದಕ್ಕೆ ಬೇರೆ ಲೆನ್ಸು ಬೇಕಿತ್ತು.
ಇದನ್ನು ಬಿಚ್ಚಿ ಅದನ್ನು ಹಾಕುವಷ್ಟರಲ್ಲಿ
ಗಾಳಿ ತಿರುಗಿತು.
ಹುಳ ಆಚೆ ದಾಟಿತು. ಹೊಲಿಗೆ ಅಳಿಸಿತು.
ನನಗೆ ಸಿಕ್ಕಿದ್ದು ಮಂಜು ಮಂಜಾದ ಒಂದು ಚಿತ್ರ,
ಅದರಲ್ಲಿ ಹುಳ ಇದೆಯೆಂದು ನಾನೇ ಹೇಳಬೇಕು.

ಆರನೇ ಸ್ಕ್ರೂ.
ಕುಂಚದ ತುದಿಯಿಂದ ತಟ್ಟಿದರು.
ಬಿಳಿ ಬಟ್ಟೆಯ ಮೇಲೆ ಉದುರಿದ್ದು
ಉಪ್ಪಿನಕಾಯಿಗೂ ಸಾಲದಷ್ಟು.

'ನಾನು ರಾಯಚೂರು ದಾಟಿಲ್ಲ. ಆದ್ರೆ ಮರಳು ಗೊತ್ತು.
ಸಮುದ್ರದ್ದು ಉಪ್ಪಿರ್ತದೆ, ಸ್ಕ್ರೂನೇ ತಿಂದಾಕ್ತದೆ.
ಮದುವೆಯೋರ ಲೆನ್ಸಲ್ಲಿ ಅರಿಶಿನ.
ನಮ್ಮೂರ ಬಿಲ್ಡಿಂಗ್‌ದು ಮೂಲೆ ಮೂಲೆ, ಗಾಜು ಗೀರ್ತದೆ.
ಇದ್ ನೋಡಿ. ಗುಂಡಗೆ.'
ಕಣ್ಣಿನ ಭೂತಗನ್ನಡಿ ಕಳಚಿ ನನಗೆ ಕೊಟ್ಟರು,
ಅವರ ಹುಬ್ಬಿನ ಬೆಚ್ಚಗಿನ್ನೂ ಅದರಲ್ಲಿತ್ತು.

ಸಬ್ಬಕ್ಕಿಯಂಥ ಕಾಳುಗಳು. ಒಂದು ಕೆಂಪು. ಒಂದು ಪೂರಾ ಗಾಜು.
ನಾಲ್ಕು ಸಾವಿರ ಚಿತ್ರ ತೆಗೆದಿದ್ದೆ,
ಒಂದನ್ನೂ ನೋಡಿರಲಿಲ್ಲ.

'ತಡೀರಿ' ಎಂದು ಮೇಜಿನ ದೀಪದ ಕತ್ತು ಹಿಡಿದು ಬಗ್ಗಿಸಿದರು,
ಬೆಳಕು ಅಡ್ಡ ಬೀಳುವವರೆಗೆ.
ಬಟ್ಟೆಯ ಒಂದು ನೆರಿಗೆಗೆ ನೆರಳು ಬಂತು.
ಗಾಜು ಒಡೆದ ತಮ್ಮ ಫೋನಿನಲ್ಲಿ, ಉಸಿರು ಹಿಡಿದು, ಒಂದೇ ಒಂದು.
ಮಗಳಿಗೆ ಕಳಿಸಿದರು. ಏನು ಬರೆದರೋ ಕಾಣಲಿಲ್ಲ.

ಎರಡು ಸಾವಿರದ ಇನ್ನೂರು. ಚೌಕಾಸಿಗೆ ಒಪ್ಪಲಿಲ್ಲ.
'ಒಂದೆರಡು ಕಾಳು ಒಳಗೇ ಉಳ್ದಿರ್ತವೆ. ಸದ್ದು ಮಾಡಿದ್ರೆ ತನ್ನಿ.'
ಮರಳನ್ನು ಊದಿಬಿಟ್ಟರು, ಫ್ಯಾನು ಹಾಕಿದರು.

ಕೆಳಗೆ ಎಂ-ಸ್ಯಾಂಡಿನ ಲಾರಿಯೊಂದು
ಹಿಮ್ಮುಖವಾಗಿ ಸಂದಿಗೆ ನುಗ್ಗುತ್ತಿತ್ತು.
ಕೈ ತಾನಾಗಿಯೇ ಹಾಸಮ್‌ನ ಅರ್ಧ ಮುಂಡಾಸು ಹುಡುಕಿತು,
ಮೊದಲು ಲೆನ್ಸಿಗೆ, ಉಳಿದದ್ದು ಮೂಗಿಗೆ.

ಕಾರ್ಪೊರೇಷನ್ ಸ್ಟಾಪಿನಲ್ಲಿ ಸೀಟು ಸಿಕ್ಕಿತು.
ಲೆನ್ಸನ್ನು ಕಿವಿಗೆ ಹಿಡಿದು ತಿರುಗಿಸಿದೆ.
ಇನ್ನೊಮ್ಮೆ, ಇನ್ನೂ ನಿಧಾನ.
ಫೋನೆಂದುಕೊಂಡು ಪಕ್ಕದ ಹೆಂಗಸು
ಮಗುವಿಗೆ ಸುಮ್ಮನಿರೆಂದು ಸನ್ನೆ ಮಾಡಿದಳು.