ನಗದು ಕೊಟ್ಟವರು

ಅರಸೀಕೆರೆ. ಬೆಳಗಿನ ಏಳೂಕಾಲು.
ಯಾರೋ ಯಂತ್ರ ತೊಳೆಯದೆ ಬಿಟ್ಟ ಒಂದು ಪಾಳಿ,
ಚಿಕ್ಕಿಯ ಕಡ್ಲೆಬೀಜದ ಪುಡಿ ಹೋಗಿ ಕೂತಿದೆ
ಕೊಬ್ಬರಿ ಮಿಠಾಯಿಯ ಮೈಯೊಳಗೆ.
ಲೇಬಲ್ಲಿನ ಮೇಲೆ ಅದರ ಹೆಸರಿಲ್ಲ.

ಬ್ಯಾಚ್ ನಂಬರ್ ಹೊಡೆದೆ.
ಪರದೆ ತಡವರಿಸಲಿಲ್ಲ:
ಯಾರ ತೋಟದ ಕೊಬ್ಬರಿ, ಎಷ್ಟನೇ ಮೂಟೆಯ ಸಕ್ಕರೆ,
ಯಾವ ಲಗೇಜ್ ಆಟೋ, ಎಷ್ಟು ಗಂಟೆಗೆ ಗೇಟು ದಾಟಿತು.
ಮುನ್ನೂರ ಹನ್ನೆರಡು ಡಬ್ಬ.
ಬಾಣಾವರ, ಜಾವಗಲ್, ಗಂಡಸಿ,
ಒಂದೊಂದೇ ಸಾಲು ಹಸಿರಾಗುತ್ತ ಬಂತು.

ಉಳಿದದ್ದು ಹಾರನಹಳ್ಳಿ, ಓಂಕಾರಪ್ಪನ ಅಂಗಡಿ, ಹನ್ನೊಂದು.
ಸ್ಥಿತಿ: ಮಾರಾಟವಾಗಿದೆ.
ಅದರಾಚೆ ಕಂಪ್ಯೂಟರಿಗೆ ಊರೇ ಇಲ್ಲ.

"ಯಾರ್ಯಾರು ಕೊಂಡರು, ಓಂಕಾರಣ್ಣ?"
ಫೋನಿನಲ್ಲಿ ಉದ್ದರಿ ಪುಸ್ತಕ ತಿರುವಿದ ಸದ್ದು,
ಬೆರಳಿಗೆ ಎಂಜಲು ಹಚ್ಚಿಕೊಂಡ ಸದ್ದು.
ಆಹಾರ ಸುರಕ್ಷತೆಯವಳು ನಾನು; ಸುಮ್ಮನಿದ್ದೆ.
ಟೈಲರ್ ಮೆಹಬೂಬಿ, ಎರಡು.
ಕೆಂಚಮ್ಮನ ಸೊಸೆ, ಒಂದು.
ಡೈರಿ ನಟರಾಜು ಮೂರು, ಹಳೇ ಬಾಕಿ ಬೇರೆ,
ಅವನ ಸುದ್ದಿ ಹೇಳಬೇಡ...
ಬರೆಸಿ ಒಯ್ದ ಒಂಬತ್ತೂ ಮೂರು ಗಂಟೆಗೆ ಸಿಕ್ಕವು.

ಎರಡು ಡಬ್ಬದವರು ನಗದು ಕೊಟ್ಟಿದ್ದರು.
ಚಿಲ್ಲರೆ ಎಣಿಸಿಕೊಂಡು
ಯಾರ ಋಣವೂ ಇಲ್ಲದೆ ನಡೆದುಹೋದವರು.
"ಒಬ್ಬಳ ಕೈಲಿ ಮಗು ಇತ್ತಮ್ಮ,
ಸ್ಕೂಲಿನದು, ಹಳದಿ ಸ್ವೆಟರು."

ಗ್ರಾಹಕರ ಹೆಸರಿನ ಖಾನೆಯಲ್ಲಿ ಟೈಪ್ ಮಾಡಿದೆ:
ಹಳದಿ ಸ್ವೆಟರು.
ಮೊಬೈಲ್ ನಂಬರ್ ಕಡ್ಡಾಯ, ಎಂದಿತು.
ಸೊನ್ನೆ ಹತ್ತು ಸಲ ಒತ್ತಿದೆ. ಒಪ್ಪಿಕೊಂಡಿತು.

ಸ್ಕೂಟಿಯ ಕೀ ಹುಡುಕಿದೆ.
ಶಾಲೆ ಬಿಡುವುದು ನಾಲ್ಕೂ ಇಪ್ಪತ್ತಕ್ಕೆ.